ಕಿರು ಕಾರಿನ ಸ್ಟಿಯರಿಂಗ್ ಸರ್ವೋ: ಬಲಕ್ಕಿಂತ ಬಿಗಿ ಮುಖ್ಯ

ರೇಡಿಯೊ ನಿಯಂತ್ರಿತ ಕಾರುಗಳ ಹವ್ಯಾಸದಲ್ಲಿ ಮೋಟಾರು, ಬ್ಯಾಟರಿ ಮತ್ತು ಟೈರುಗಳಿಗೆ ಸಲ್ಲುವ ಗಮನದಲ್ಲಿ ಅರ್ಧದಷ್ಟೂ ಸ್ಟಿಯರಿಂಗ್ ಸರ್ವೋಗೆ ಸಲ್ಲುವುದಿಲ್ಲ. ಆದರೆ ಕಾರು ಚಾಲಕನ ಇಂಗಿತಕ್ಕೆ ತಕ್ಕಂತೆ ತಿರುಗುತ್ತದೆಯೇ, ತಿರುಗಿದ ಮೇಲೆ ಮತ್ತೆ ನೇರ ದಾರಿಗೆ ಮರಳುತ್ತದೆಯೇ ಎಂಬುದು ಬಹುಮಟ್ಟಿಗೆ ಈ ಪುಟ್ಟ ಪೆಟ್ಟಿಗೆಯನ್ನೇ ಅವಲಂಬಿಸಿದೆ. ನಿಜವಾದ ವಾಹನದ ಹದಿನೆಂಟನೆಯ ಅಥವಾ ಇಪ್ಪತ್ತನಾಲ್ಕನೆಯ ಒಂದು ಭಾಗದಷ್ಟು ಗಾತ್ರದ, ಅಂದರೆ 1:18 ಮತ್ತು 1:24 ಅಳತೆಯ ಕಿರು ಕಾರುಗಳಲ್ಲಿ ಈ ಮಾತು ಇನ್ನಷ್ಟು ನಿಜ. ಏಕೆಂದರೆ ಅಲ್ಲಿ ಜಾಗ ಕಡಿಮೆ, ಕಾರಿನೊಂದಿಗೆ ಬರುವ ಸರ್ವೋ ಸಾಮಾನ್ಯವಾಗಿ ಪ್ಲಾಸ್ಟಿಕ್ ಗೇರಿನದು, ಮತ್ತು ಅತಿ ಸಣ್ಣ ಸಡಿಲವೂ ಚಕ್ರದಲ್ಲಿ ದೊಡ್ಡ ತಪ್ಪಾಗಿ ಕಾಣಿಸಿಕೊಳ್ಳುತ್ತದೆ.

ಸರ್ವೋ ಎಂಬುದು ಕೇವಲ ಒಂದು ಮೋಟಾರಲ್ಲ. ಒಂದು ಸಣ್ಣ ಡಿಸಿ ಮೋಟಾರು, ಅದರ ವೇಗವನ್ನು ಇಳಿಸಿ ಬಲವನ್ನು ಏರಿಸುವ ಗೇರುಗಳ ಸಾಲು, ಹೊರದಂಡ ಯಾವ ಕೋನದಲ್ಲಿದೆ ಎಂದು ಅಳೆಯುವ ಪೊಟೆನ್ಶಿಯೊಮೀಟರ್ ಎಂಬ ಬದಲಾಗುವ ರೋಧಕ, ಮತ್ತು ಇವೆಲ್ಲವನ್ನೂ ಆಳುವ ಒಂದು ಸರ್ಕ್ಯೂಟ್ ಸೇರಿ ಅದು ಆಗಿದೆ. ಕಾರಿನಲ್ಲಿರುವ ರಿಸೀವರ್ ಸಾಮಾನ್ಯವಾಗಿ ಪ್ರತಿ 20 ಮಿಲಿಸೆಕೆಂಡಿಗೆ ಒಂದರಂತೆ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತದೆ. ಮಿಡಿತದ ಅಗಲ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರವಾಗಿರಬೇಕು, 1 ಮಿಲಿಸೆಕೆಂಡಿನತ್ತ ಕುಗ್ಗಿದರೆ ಒಂದು ಕಡೆಗೆ, 2 ಮಿಲಿಸೆಕೆಂಡಿನತ್ತ ಹಿಗ್ಗಿದರೆ ಇನ್ನೊಂದು ಕಡೆಗೆ ತಿರುಗಬೇಕು ಎಂದರ್ಥ. ಸರ್ಕ್ಯೂಟು ಈ ಆಜ್ಞೆಯನ್ನು ಪೊಟೆನ್ಶಿಯೊಮೀಟರ್ ತಿಳಿಸುವ ನಿಜವಾದ ಕೋನದೊಂದಿಗೆ ಹೋಲಿಸಿ, ಎರಡರ ನಡುವಿನ ವ್ಯತ್ಯಾಸ ಅಳಿಯುವವರೆಗೆ ಮೋಟಾರನ್ನು ಓಡಿಸುತ್ತದೆ. ಹೀಗೆ ಆಜ್ಞೆ, ಅಳತೆ, ತಿದ್ದುಪಡಿಗಳ ಸುತ್ತು ಸದಾ ನಡೆಯುತ್ತಿರುವುದರಿಂದಲೇ ಕಲ್ಲೊಂದು ಚಕ್ರವನ್ನು ಪಕ್ಕಕ್ಕೆ ತಳ್ಳಿದಾಗ ಸರ್ವೋ ತಾನಾಗಿಯೇ ಎದುರು ನಿಂತು ಅದನ್ನು ಸ್ವಸ್ಥಾನಕ್ಕೆ ತರುತ್ತದೆ.

ಕಾರುಗಳ ಅಳತೆ ಕುಗ್ಗುತ್ತ ಬಂದಂತೆ ಈ ಸಾಧನವೂ ಕುಗ್ಗಬೇಕಾಯಿತು. ಜಪಾನಿನ ತಮಿಯಾ ಸಂಸ್ಥೆ 1976ರಲ್ಲಿ ತನ್ನ ಮೊದಲ ರೇಡಿಯೊ ನಿಯಂತ್ರಿತ ಕಾರಾಗಿ ಪೋರ್ಷೆ 934ರ ಮಾದರಿಯನ್ನು ತಂದಾಗ ಅದರ ಅಳತೆ 1:12 ಇತ್ತು. ಅದೇ ದೇಶದ ಕ್ಯೋಶೋ 1999ರಲ್ಲಿ ಹೊರತಂದ ಮಿನಿ-ಝಡ್ ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕದಾಗಿತ್ತು. ಅಮೆರಿಕದ ಆಕ್ಸಿಯಲ್ ಸಂಸ್ಥೆಯ 1:24 ಅಳತೆಯ ಎಸ್‌ಸಿಎಕ್ಸ್24 ಮತ್ತು 2022ರಲ್ಲಿ ಬಂದ ಟ್ರಾಕ್ಸಸ್ ಸಂಸ್ಥೆಯ 1:18 ಅಳತೆಯ ಟಿಆರ್‌ಎಕ್ಸ್-4ಎಂ, ಕಲ್ಲುಬಂಡೆಗಳ ಮೇಲೆ ನಿಧಾನವಾಗಿ ಹತ್ತುವ ಕ್ರಾಲರ್ ಎಂಬ ವರ್ಗವನ್ನು ಮನೆಯಂಗಳಕ್ಕೆ ಇಳಿಸಿದವು. ಇವುಗಳಲ್ಲಿ ಕೂರುವ ಮೈಕ್ರೋ ಸರ್ವೋ ಸುಮಾರು 23 ಮಿಲಿಮೀಟರ್ ಉದ್ದ, 12 ಮಿಲಿಮೀಟರ್ ಅಗಲದ್ದು. ಇದರ ಪೂರ್ವಜರು ಮಾದರಿ ವಿಮಾನಗಳ ರೆಕ್ಕೆಯಂಚುಗಳನ್ನು ಅಲುಗಿಸಲು ಬಂದ 9 ಗ್ರಾಂ ವರ್ಗದ ಸರ್ವೋಗಳು. ವಿಮಾನದಲ್ಲಿ ಗಾಳಿಯ ಒತ್ತಡ ನಯವಾಗಿ ಏರಿ ಇಳಿಯುತ್ತದೆ, ಕಾರಿನ ಚಕ್ರವಾದರೋ ಗೋಡೆಗೋ ಕಲ್ಲಿಗೋ ಬಡಿದು ಒಮ್ಮೆಲೇ ಹೊಡೆತ ಕೊಡುತ್ತದೆ. ಮೊದಲನೆಯದಕ್ಕೆ ಸಾಕಾಗುವ ಪ್ಲಾಸ್ಟಿಕ್ ಹಲ್ಲುಗಳು ಎರಡನೆಯದಕ್ಕೆ ಮುರಿಯುವುದು ಸಹಜ.

ಬದಲಾವಣೆಗೆ ಕೈಹಾಕುವ ಮೊದಲು ಕಾರಿನ ಸರ್ವೋದಿಂದ ಎಷ್ಟು ತಂತಿಗಳು ಹೊರಟಿವೆ ಎಂದು ಎಣಿಸುವುದು ಅಗತ್ಯ. ವಿದ್ಯುತ್ತಿಗೆ ಎರಡು, ಆಜ್ಞೆಗೆ ಒಂದು ಎಂದು ಮೂರು ತಂತಿಗಳಿದ್ದರೆ ಅದು ಸ್ವತಂತ್ರ ಸರ್ವೋ. ಅಳತೆಯೂ ವೋಲ್ಟೇಜೂ ಹೊಂದುವ ಬೇರೊಂದನ್ನು ಅದರ ಜಾಗದಲ್ಲಿ ಕೂರಿಸಬಹುದು. ಐದು ತಂತಿಗಳಿದ್ದರೆ ವಿಷಯ ಬೇರೆ: ಚೀನಾದ ಡಬ್ಲ್ಯುಎಲ್‌ಟಾಯ್ಸ್‌ನ 1:18 ಅಳತೆಯ ಎ959ರಂತಹ ಕಾರುಗಳಲ್ಲಿ ಸರ್ವೋದೊಳಗೆ ಮೋಟಾರು, ಗೇರು, ಪೊಟೆನ್ಶಿಯೊಮೀಟರ್ ಮಾತ್ರ ಇದ್ದು, ಅವನ್ನು ಆಳುವ ಸರ್ಕ್ಯೂಟು ರಿಸೀವರ್ ಇರುವ ಬೋರ್ಡಿನ ಮೇಲೆಯೇ ಇದೆ. ಅಂತಹ ಕಾರಿಗೆ ಮೂರು ತಂತಿಯ ಸರ್ವೋ ಬೇಕೆಂದರೆ ರಿಸೀವರನ್ನೂ, ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿಯನ್ನೂ, ಚಾಲಕನ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಮಿನಿ-ಝಡ್‌ನಲ್ಲಿ ಸರ್ವೋದ ಭಾಗಗಳನ್ನು ಚಾಸಿಯೊಳಗೇ ಹೆಣೆದಿರುವುದರಿಂದ ಅಲ್ಲಿ ಇಡೀ ಸರ್ವೋ ಬದಲಿಸುವ ಪ್ರಶ್ನೆಯೇ ಇಲ್ಲ, ಒಳಗಿನ ಗೇರುಗಳನ್ನು ಸುಸ್ಥಿತಿಯಲ್ಲಿಡುವುದೇ ದಾರಿ.

ಸರ್ವೋದ ಪೆಟ್ಟಿಗೆಯ ಮೇಲೆ ಮುಖ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಟಾರ್ಕ್, ಅಂದರೆ ತಿರುಚುಬಲ. ಇದನ್ನು ಕಿಲೋಗ್ರಾಂ-ಸೆಂಟಿಮೀಟರಿನಲ್ಲಿ ಹೇಳುತ್ತಾರೆ. 2 ಕಿಲೋಗ್ರಾಂ-ಸೆಂಟಿಮೀಟರ್ ಎಂದರೆ ಹೊರದಂಡದ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ 2 ಕಿಲೋ ಭಾರವನ್ನು ತಡೆದು ನಿಲ್ಲುವ ಶಕ್ತಿ. ಅದೇ ಸರ್ವೋದ ಹೊರದಂಡಕ್ಕೆ ಸಿಕ್ಕಿಸುವ ತೋಳನ್ನು 1.5 ಸೆಂಟಿಮೀಟರಿಗೆ ಉದ್ದ ಮಾಡಿದರೆ ತುದಿಯಲ್ಲಿ ಸಿಗುವುದು ಸುಮಾರು 1.3 ಕಿಲೋ ಮಾತ್ರ. ಎರಡನೆಯದು ವೇಗ, ಯಾವ ಭಾರವೂ ಇಲ್ಲದೆ ಹೊರದಂಡ 60 ಡಿಗ್ರಿ ತಿರುಗಲು ಹಿಡಿಯುವ ಸಮಯ. ಉದಾಹರಣೆಗೆ ಟವರ್‌ಪ್ರೊ ಎಂಜಿ90ಎಸ್ ಎಂಬ 13.4 ಗ್ರಾಂ ತೂಕದ ಲೋಹದ ಗೇರಿನ ಸರ್ವೋಗೆ ತಯಾರಕರು ನಮೂದಿಸುವ ಅಂಕಿ 4.8 ವೋಲ್ಟಿನಲ್ಲಿ 1.8 ಕಿಲೋಗ್ರಾಂ-ಸೆಂಟಿಮೀಟರ್ ಮತ್ತು 0.1 ಸೆಕೆಂಡ್, 6 ವೋಲ್ಟಿನಲ್ಲಿ 2.2 ಕಿಲೋಗ್ರಾಂ-ಸೆಂಟಿಮೀಟರ್ ಮತ್ತು 0.08 ಸೆಕೆಂಡ್. ಗಮನಿಸಬೇಕಾದ ಸಂಗತಿಯೆಂದರೆ ಈ ಟಾರ್ಕ್ ಸರ್ವೋ ಸಂಪೂರ್ಣ ತಡೆದು ನಿಂತಾಗಿನದು, ಈ ವೇಗ ಸರ್ವೋ ಖಾಲಿಯಾಗಿ ತಿರುಗುವಾಗಿನದು. ಎರಡೂ ಒಂದೇ ಕ್ಷಣದಲ್ಲಿ ಎಂದೂ ಸಿಗುವುದಿಲ್ಲ.

ಯಾವ ಅಂಕಿಗೆ ಹೆಚ್ಚು ಬೆಲೆ ಕೊಡಬೇಕೆಂಬುದನ್ನು ಕಾರಿನ ಕೆಲಸವೇ ಹೇಳುತ್ತದೆ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುವ 1:18 ಕಾರೊಂದರ ಸರ್ವೋ ನಡುವಿನಿಂದ 30 ಡಿಗ್ರಿ ತಿರುಗಬೇಕಾಗಿದೆ ಎಂದು ಭಾವಿಸಿದರೆ, 0.2 ಸೆಕೆಂಡಿನ ಸರ್ವೋ ಅಷ್ಟು ತಿರುಗುವುದರೊಳಗೆ ಕಾರು 1 ಮೀಟರ್ ಮುಂದೆ ಹೋಗಿರುತ್ತದೆ, 0.1 ಸೆಕೆಂಡಿನದಾದರೆ ಅರ್ಧ ಮೀಟರ್. ತಿರುವಿನಲ್ಲಿ ಆ ಅರ್ಧ ಮೀಟರ್ ಎಂದರೆ ಕಾರಿನ ಉದ್ದದ ಸರಿಸುಮಾರು ಎರಡು ಪಟ್ಟು. ಸೆಕೆಂಡಿಗೆ 30 ಸೆಂಟಿಮೀಟರ್ ಸಾಗುವ ಕ್ರಾಲರಿನಲ್ಲಿ ಇದೇ ವ್ಯತ್ಯಾಸ ಕೇವಲ 1.5 ಸೆಂಟಿಮೀಟರ್; ಅಲ್ಲಿ ವೇಗ ಗೌಣ, ಟಾರ್ಕ್ ಪ್ರಧಾನ. ಕ್ರಾಲರಿನ ಎಡ ಮತ್ತು ಬಲ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗುವಂತೆ ಅಚ್ಚಿನಲ್ಲಿ ಬಿಗಿದಿರುವುದರಿಂದ ಅದು ಸದಾ ನೇರ ಹೋಗಲು ಹವಣಿಸುತ್ತದೆ. ಮೃದುವಾದ ದೊಡ್ಡ ಟೈರುಗಳು ಮತ್ತು ಮುಂಭಾಗವನ್ನು ನೆಲಕ್ಕೊತ್ತಲು ಸೇರಿಸುವ ಹಿತ್ತಾಳೆಯ ತೂಕಗಳು ಆ ಹಟವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಬಿರುಕಿನಲ್ಲಿ ಸಿಕ್ಕಿದ ಚಕ್ರವನ್ನು ಕಾರು ನಿಂತಲ್ಲೇ ತಿರುಗಿಸಬಲ್ಲ ಸರ್ವೋ ಮಾತ್ರ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಈ ಎರಡು ಅಂಕಿಗಳ ಹಿಂದಿರುವ ಗುಣಗಳನ್ನು ಅರಿತವರು ಮಾತ್ರ ಒಳ್ಳೆಯ ಸರ್ವೋ ಆರಿಸಬಲ್ಲರು. ಲೋಹದ ಗೇರು ಹೊಡೆತವನ್ನು ತಾಳುತ್ತದೆ, ಆದರೆ ಹಲ್ಲುಗಳನ್ನು ನಿಖರವಾಗಿ ಕಡೆದಿರದಿದ್ದರೆ ಒಳ್ಳೆಯ ಪ್ಲಾಸ್ಟಿಕ್ ಗೇರಿಗಿಂತ ಹೆಚ್ಚು ಸಡಿಲವಾಗಿರುತ್ತದೆ. ಹೊರದಂಡಕ್ಕೆ ಸಾದಾ ಬುಶ್‌ಗಿಂತ ಬಾಲ್ ಬೇರಿಂಗ್ ಆಸರೆ ಇರುವ ಸರ್ವೋ ಪಕ್ಕದ ಎಳೆತವನ್ನು ಹೆಚ್ಚು ಕಾಲ ಸಹಿಸುತ್ತದೆ. ಕಬ್ಬಿಣದ ತಿರುಳಿಲ್ಲದ ಕೋರ್‌ಲೆಸ್ ಮೋಟಾರಿನ ತಿರುಗುವ ಭಾಗ ಹಗುರವಾದ್ದರಿಂದ ಅದು ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ಅನಲಾಗ್ ಸರ್ವೋ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ಬಾರಿ ವಿದ್ಯುತ್ ಕೊಟ್ಟರೆ ಡಿಜಿಟಲ್ ಸರ್ವೋ 300 ಅಥವಾ ಅದಕ್ಕೂ ಹೆಚ್ಚು ಬಾರಿ ಕೊಡುವುದರಿಂದ ಸಣ್ಣ ಸರಿತಕ್ಕೂ ಕೂಡಲೇ ಪ್ರತಿರೋಧ ಒಡ್ಡುತ್ತದೆ. ಅದರ ಬೆಲೆಯಾಗಿ ವಿದ್ಯುತ್ ಖರ್ಚು ಹೆಚ್ಚು, ನಿಂತಾಗಲೂ ಒಂದು ಸಣ್ಣ ಗುಂಯ್‌ಗುಡುವಿಕೆ ಕೇಳಿಸಬಹುದು. ಇನ್ನೊಂದು ಗುಣ ಡೆಡ್‌ಬ್ಯಾಂಡ್, ಅಂದರೆ ಸರ್ವೋ ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಸಣ್ಣ ಆಜ್ಞೆಯ ಮಿತಿ. ಅದು 10 ಮೈಕ್ರೊಸೆಕೆಂಡ್ ಇದ್ದರೆ ಹೊರದಂಡದಲ್ಲಿ ಸುಮಾರು ಒಂದು ಡಿಗ್ರಿಯಷ್ಟು ಬದಲಾವಣೆ ಕೈಬಿಟ್ಟುಹೋಗುತ್ತದೆ. ನೇರ ದಾರಿಯಲ್ಲಿ ಕಾರು ಅತ್ತಿತ್ತ ಅಲೆಯುವುದಕ್ಕೆ ಇದೂ ಒಂದು ಕಾರಣ.

ಸರ್ವೋ ಎಷ್ಟೇ ಒಳ್ಳೆಯದಾದರೂ ಅದು ಸರಪಳಿಯ ಒಂದು ಕೊಂಡಿ ಮಾತ್ರ. ಹಿಂದೆ ವಿದ್ಯುತ್ ಪೂರೈಕೆಯೂ ಮುಂದೆ ಚಕ್ರದವರೆಗಿನ ಸಲಾಕೆ ಕೀಲುಗಳೂ ಇವೆ. ಸರ್ವೋಗೂ ರಿಸೀವರಿಗೂ ವಿದ್ಯುತ್ ಕೊಡುವುದು ಇಎಸ್‌ಸಿಯೊಳಗಿನ ಬಿಇಸಿ, ಅಂದರೆ ಬ್ಯಾಟರಿಯ ವೋಲ್ಟೇಜನ್ನು ತಗ್ಗಿಸಿ ಸ್ಥಿರವಾಗಿಡುವ ಭಾಗ. ಚಕ್ರ ಸಿಕ್ಕಿಕೊಂಡಾಗ ಬಲಶಾಲಿ ಸರ್ವೋ ಎಳೆಯುವ ಪ್ರವಾಹವನ್ನು ಕಿರು ಕಾರಿನ ಬಿಇಸಿ ತಾಳದಿದ್ದರೆ ವೋಲ್ಟೇಜ್ ಕುಸಿದು ರಿಸೀವರ್ ಒಂದು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಆ ಕ್ಷಣದಲ್ಲಿ ಕಾರು ಚಾಲಕನ ಕೈತಪ್ಪುತ್ತದೆ. ರಿಸೀವರಿಗೆ ಸೇರಿಸುವ ಕೆಪಾಸಿಟರ್ ಕ್ಷಣಿಕ ಕುಸಿತವನ್ನು ತುಂಬಬಲ್ಲದು, ದೀರ್ಘವಾದುದನ್ನಲ್ಲ. ಅದಕ್ಕೆ ಪ್ರತ್ಯೇಕ ಬಿಇಸಿಯೇ ಪರಿಹಾರ. ಎರಡು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ 7.4 ವೋಲ್ಟಿನದೆಂದು ಹೆಸರಾದರೂ ಪೂರ್ತಿ ಚಾರ್ಜಾದಾಗ 8.4 ವೋಲ್ಟ್ ಇರುತ್ತದೆ. 6 ವೋಲ್ಟಿನ ಸರ್ವೋವನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಸುಟ್ಟುಹೋಗುವ ಸಂಭವವೇ ಹೆಚ್ಚು.

ಮುಂದಿನ ಕೊಂಡಿಗಳಲ್ಲಿ ನೋಡಬೇಕಾದದ್ದು ಪ್ಲೇ, ಅಂದರೆ ಕೀಲುಗಳಲ್ಲಿನ ಸಡಿಲ. ತೋಳು 20 ಮಿಲಿಮೀಟರ್ ಇರುವ ದೊಡ್ಡ ಕಾರಿನಲ್ಲಿ ಅರ್ಧ ಮಿಲಿಮೀಟರ್ ಪ್ಲೇ ಸುಮಾರು 1.4 ಡಿಗ್ರಿ ಕೋನಕ್ಕೆ ಸಮ. ತೋಳು 10 ಮಿಲಿಮೀಟರ್ ಇರುವ ಕಿರು ಕಾರಿನಲ್ಲಿ ಅದೇ ಅರ್ಧ ಮಿಲಿಮೀಟರ್ ಸುಮಾರು 2.9 ಡಿಗ್ರಿಯಾಗುತ್ತದೆ. ಸರ್ವೋದ ಟಾರ್ಕನ್ನು ಎಷ್ಟು ಪಟ್ಟು ಏರಿಸಿದರೂ ಈ ತಪ್ಪು ಒಂದಿಷ್ಟೂ ಕಡಿಮೆಯಾಗದು, ಏಕೆಂದರೆ ಪೊಟೆನ್ಶಿಯೊಮೀಟರ್ ಅಳೆಯುವುದು ಹೊರದಂಡವನ್ನೇ ಹೊರತು ಚಕ್ರವನ್ನಲ್ಲ. ಆದ್ದರಿಂದ ಹೊಸ ಸರ್ವೋ ಕೊಳ್ಳುವ ಮುನ್ನ ಹಳೆಯದನ್ನೇ ಚಾಲೂ ಮಾಡಿ ಮುಂದಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಬೇಕು: ಚಕ್ರ ಅಲುಗಿ ಸರ್ವೋದ ತೋಳು ಅಲುಗದಿದ್ದರೆ ದೋಷ ಸಲಾಕೆಗಳಲ್ಲಿದೆ, ಪೆಟ್ಟಿಗೆ ಸ್ಥಿರವಾಗಿದ್ದು ತೋಳೂ ಅಲುಗಿದರೆ ಗೇರಿನಲ್ಲಿದೆ, ಸರ್ವೋದ ಪೆಟ್ಟಿಗೆಯೇ ಬಾಗಿದರೆ ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಆಸರೆಯಲ್ಲಿದೆ. ಸಲಾಕೆಯನ್ನು ಬಿಚ್ಚಿದಾಗ ಚಕ್ರಗಳು ಎಲ್ಲಿಯೂ ಬಿಗಿಹಿಡಿಯದೆ ಅತ್ತಿಂದಿತ್ತ ಸಲೀಸಾಗಿ ತಿರುಗುತ್ತವೆಯೇ ಎಂದೂ ಪರೀಕ್ಷಿಸಬೇಕು.

ಸರ್ವೋದ ತೋಳಿಗೆ ಹವ್ಯಾಸಿಗಳು ಹಾರ್ನ್ ಎನ್ನುತ್ತಾರೆ. ಅದು ಹೊರದಂಡದ ಮೇಲಿನ ಸಣ್ಣ ಹಲ್ಲುಗಳಿಗೆ, ಅಂದರೆ ಸ್ಪ್ಲೈನ್‌ಗೆ, ಸರಿಯಾಗಿ ಕೂರಬೇಕು. ದೊಡ್ಡ ಸರ್ವೋಗಳಲ್ಲಿ ಫುಟಾಬಾ ಪದ್ಧತಿಯಲ್ಲಿ 25, ಹೈಟೆಕ್ ಪದ್ಧತಿಯಲ್ಲಿ 24 ಹಲ್ಲುಗಳಿರುವುದು ರೂಢಿ. ಮೈಕ್ರೋ ಸರ್ವೋಗಳಲ್ಲಿ ಒಂದೊಂದು ತಯಾರಿಕೆಗೆ ಒಂದೊಂದು ಸಂಖ್ಯೆ ಇರುವುದರಿಂದ ಜೊತೆಗೆ ಬಂದ ಹಾರ್ನನ್ನೇ ಬಳಸುವುದು ಕ್ಷೇಮ. ಹೊಡೆತ ಬಿದ್ದಾಗ ಬಾಗಿಕೊಟ್ಟು ಗೇರನ್ನು ಉಳಿಸುವ ಸ್ಪ್ರಿಂಗ್ ಜೋಡಣೆಗೆ ಸರ್ವೋ ಸೇವರ್ ಎಂದು ಹೆಸರು. ವೇಗದ ಕಾರಿನಲ್ಲಿ ಅದು ಇರಲೇಬೇಕು, ಆದರೆ ಹೊಸ ಸರ್ವೋದ ಬಲಕ್ಕೆ ತಕ್ಕಷ್ಟು ಗಟ್ಟಿ ಸ್ಪ್ರಿಂಗ್ ಹೊಂದಿರಬೇಕು, ಇಲ್ಲವಾದರೆ ಕೊಟ್ಟ ಬಲವೆಲ್ಲ ಸ್ಪ್ರಿಂಗನ್ನು ಬಾಗಿಸುವುದರಲ್ಲೇ ಮುಗಿಯುತ್ತದೆ. ನಿಧಾನವಾಗಿ ಸಾಗುವ ಕ್ರಾಲರಿನಲ್ಲಿ ಲೋಹದ ಗೇರಿನ ಸರ್ವೋ ಇದ್ದರೆ ಸೇವರನ್ನು ತೆಗೆದು ನೇರ ಹಾರ್ನ್ ಹಾಕುವುದು ವಾಡಿಕೆ.

ಜೋಡಣೆಯ ಕ್ರಮದಲ್ಲಿ ಅವಸರ ಸಲ್ಲದು. ಹಾರ್ನ್ ಹಾಕುವ ಮೊದಲು ಟ್ರಾನ್ಸ್‌ಮಿಟರಿನ ಟ್ರಿಮ್ ಅನ್ನು, ಅಂದರೆ ನಡುಬಿಂದುವನ್ನು ಅತ್ತಿತ್ತ ಸರಿಸುವ ಹೊಂದಾಣಿಕೆಯನ್ನು, ಸೊನ್ನೆಯಲ್ಲಿಟ್ಟು ಸರ್ವೋವನ್ನು ಚಾಲೂ ಮಾಡಿ ಅದು ತನ್ನ ನಡುಬಿಂದುವಿಗೆ ಬರುವಂತೆ ಮಾಡಬೇಕು. ಆಮೇಲೆ ಸಲಾಕೆಗೆ ಲಂಬವಾಗಿ ಹಾರ್ನ್ ಕೂರಿಸಿ, ಉಳಿದ ಅಲ್ಪ ವ್ಯತ್ಯಾಸವನ್ನಷ್ಟೇ ಸಬ್‌ಟ್ರಿಮ್ ಎಂಬ ಸೂಕ್ಷ್ಮ ಹೊಂದಾಣಿಕೆಯಲ್ಲಿ ತಿದ್ದಬೇಕು. ಅನಂತರ ಎಂಡ್ ಪಾಯಿಂಟ್, ಅಂದರೆ ಎರಡೂ ಬದಿಯ ತಿರುವಿನ ಮಿತಿಯನ್ನು, ಚಕ್ರ ತನ್ನ ಕೊನೆಯನ್ನು ಮುಟ್ಟುವ ಕೂದಲೆಳೆ ಮೊದಲೇ ಸರ್ವೋ ನಿಲ್ಲುವಂತೆ ಹೊಂದಿಸಬೇಕು. ಈ ಮಿತಿ ಇಡದ ಕಾರಿನಲ್ಲಿ ಪ್ರತಿ ಪೂರ್ಣ ತಿರುವಿನಲ್ಲೂ ಸರ್ವೋ ಜಗ್ಗದ ಲೋಹವನ್ನು ತಳ್ಳುತ್ತ ಬಿಸಿಯಾಗುತ್ತದೆ. ಹೊಸ ಸರ್ವೋಗಳು ಬೇಗ ಸುಡಲು ಇದು ಒಂದು ದೊಡ್ಡ ಕಾರಣ. ಲೋಹಕ್ಕೆ ಲೋಹ ಸೇರುವ ಸ್ಕ್ರೂಗೆ ಒಂದು ಹನಿ ಥ್ರೆಡ್‌ಲಾಕರ್ ಅಂಟು ಹಚ್ಚಬೇಕು, ಪ್ಲಾಸ್ಟಿಕ್ಕಿಗೆ ಅದು ತಾಗದಂತೆ ನೋಡಿಕೊಳ್ಳಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೋಬೋಟುಗಳಿಗೆಂದು ಕೊಳ್ಳುವ ಎಸ್‌ಜಿ90, ಎಂಜಿ90ಎಸ್ ಸರ್ವೋಗಳು ಕಿರು ಕಾರುಗಳಿಗೂ ಕೈಗೆಟುಕುವ ಆಯ್ಕೆಯೇ ಆಗಿವೆ. ಆದರೆ ಇದೇ ಹೆಸರನ್ನು ಅಂಟಿಸಿಕೊಂಡ ನಕಲುಗಳು ಬಹಳ ಇರುವುದರಿಂದ ಕೊಳ್ಳುವಾಗಲೇ ಹಾರ್ನ್ ಹಾಕಿ ಸಡಿಲವನ್ನು ನೋಡಿ, ಸಾಧ್ಯವಾದರೆ ಚಾಲೂ ಮಾಡಿಸಿ, ಎಡದಿಂದಲೂ ಬಲದಿಂದಲೂ ಮರಳಿದಾಗ ಒಂದೇ ನಡುಬಿಂದುವಿಗೆ ಬಂದು ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಒಳಿತು.

ಹತ್ತು ಕಿಲೋ ಎಂದು ಬರೆದಿರುವ, ಆದರೆ ನಡುಬಿಂದುವಿಗೆ ಒಂದೊಂದು ಬಾರಿ ಒಂದೊಂದು ಕಡೆ ಮರಳುವ ಸರ್ವೋಗಿಂತ ಎರಡೇ ಕಿಲೋ ಬಲದ, ಪ್ರತಿ ಬಾರಿಯೂ ಒಂದೇ ಜಾಗಕ್ಕೆ ಮರಳುವ ಸರ್ವೋ ಕಿರು ಕಾರಿಗೆ ಮೇಲು. ಕ್ರಾಲರ್ ಇರುವವರು ಅದರ ಮೇಲೆ ಬಲವನ್ನೂ, ವೇಗದ ಕಾರು ಇರುವವರು ಚುರುಕನ್ನೂ ಕೇಳಲಿ. ಆದರೆ ಹಣವನ್ನು ಮೊದಲು ಕೀಲುಗಳ ಸಡಿಲ ತೆಗೆಯಲು, ಅನಂತರ ಸಾಕಷ್ಟು ವಿದ್ಯುತ್ ಒದಗಿಸಲು, ಕೊನೆಯಲ್ಲಿ ಸರ್ವೋಗೆ ಖರ್ಚು ಮಾಡಲಿ. ಈ ಕ್ರಮ ತಪ್ಪಿದರೆ ದುಬಾರಿ ಸರ್ವೋ ಕೂಡ ಹಳೆಯ ಕಾರನ್ನೇ ಓಡಿಸುತ್ತದೆ.