ಹರಿಹರ ಮೂರ್ತಿ: ಖ್ಮೇರ್ ಶಿಲ್ಪದಲ್ಲಿ ಭೇದ ಮತ್ತು ಅಭೇದ

ಪ್ರಾಚೀನ ಕಾಂಬೋಜದ ಶಿಲ್ಪವನ್ನು ಕುರಿತು ನಮ್ಮ ವಿದ್ವಾಂಸರಲ್ಲಿ ನಡೆದ ಚರ್ಚೆ ಬಹುಕಾಲ ‘ಬೃಹತ್ತರ ಭಾರತ’ವೆಂಬ ಕಲ್ಪನೆಯ ನೆರಳಿನಲ್ಲಿಯೇ ಸಾಗಿತು. 1926ರಲ್ಲಿ ಕಲ್ಕತ್ತೆಯಲ್ಲಿ ಆ ಹೆಸರಿನ ಸಂಸ್ಥೆಯೊಂದು ಸ್ಥಾಪಿತವಾಯಿತು. ಆ ದೃಷ್ಟಿಗೆ ಖ್ಮೇರ್ ದೇವತಾಮೂರ್ತಿಯೆಂದರೆ ಭಾರತೀಯ ಮೂಲದ ಒಂದು ಪ್ರತಿ. ದೇವತೆಗಳು ಇಲ್ಲಿಂದ ಹೋದುದು ನಿಜ. ಆದರೆ ಪ್ರತಿಮಾಲಕ್ಷಣವನ್ನು ಗುರುತಿಸಿದ ಮಾತ್ರಕ್ಕೆ ಶಿಲ್ಪವಿಮರ್ಶೆ ಮುಗಿಯುವುದಿಲ್ಲ. ಒಂದೇ ದೇವತೆಯ ಎರಡು ಮೂರ್ತಿಗಳನ್ನು ಹೋಲಿಸಿದರೆ ಈ ಮಾತು ಸ್ಪಷ್ಟವಾದೀತು.

ಬಾದಾಮಿಯ ಮೊದಲನೆಯ ಗುಹೆಯ ಹರಿಹರ 6ನೆಯ ಶತಮಾನದ ಉಬ್ಬುಶಿಲ್ಪ. ಬಲಭಾಗ ಹರನದು, ಎಡಭಾಗ ಹರಿಯದು. ಈ ವಿಭಾಗ ಶಿರೋಭೂಷಣ, ಆಯುಧ, ಆಭರಣಗಳಲ್ಲಿ ನಿಲ್ಲದೆ ಇಕ್ಕೆಲದ ಪಾರ್ವತೀ ಲಕ್ಷ್ಮಿಯರವರೆಗೂ ವ್ಯಾಪಿಸುತ್ತದೆ. ಬಂಡೆಯ ಗೋಡೆಯೇ ಇಷ್ಟಕ್ಕೂ ಆಸರೆ. ಶಿಲ್ಪಿ ಇಲ್ಲಿ ಪುರಾಣವನ್ನು ಸಾವಧಾನವಾಗಿ ವಿಸ್ತರಿಸಿ ಹೇಳುತ್ತಾನೆ.

ಪ್ರಾಸಾತ್ ಆಂಡೆಟ್‌ನಲ್ಲಿ ದೊರೆತು ಈಗ ಫ್ನಾಮ್ ಪೆನ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಹರಿಹರ ಅದಕ್ಕಿಂತ ಒಂದು ಶತಮಾನದಷ್ಟು ಈಚಿನದು. ಆಳೆತ್ತರದ ಮರಳುಗಲ್ಲಿನ ಮೂರ್ತಿ. ಇದಕ್ಕೆ ಗೋಡೆಯಿಲ್ಲ, ಪರಿವಾರವಿಲ್ಲ. ಹಿಂದಿನ ಖ್ಮೇರ್ ಮೂರ್ತಿಗಳಲ್ಲಿ ಕೈಗಳನ್ನು ಹಿಡಿದು ನಿಲ್ಲಿಸುತ್ತಿದ್ದ ಕಲ್ಲಿನ ಕಮಾನನ್ನೂ ಈ ಶಿಲ್ಪಿ ತ್ಯಜಿಸಿದ್ದಾನೆ. ಭಿನ್ನವಾಗಿರುವ ಕೈಗಳು ಆ ಸಾಹಸಕ್ಕೆ ಕಲ್ಲು ತೆತ್ತ ಬೆಲೆ. ಹರಿಹರರ ಭೇದವೆಲ್ಲ ಶಿರಸ್ಸಿನಲ್ಲಿಯೇ ಅಡಗಿದೆ: ಒಂದು ಪಾರ್ಶ್ವದಲ್ಲಿ ಜಟೆ, ಇನ್ನೊಂದರಲ್ಲಿ ನುಣುಪಾದ ಕಿರೀಟ. ಹಣೆಯಿಂದ ಕೆಳಗೆ ಆ ಗೆರೆ ಕಾಣದು. ಮುಖ ಒಂದೇ, ಆಭರಣವಿಲ್ಲದ ಎದೆ ಒಂದೇ, ನಿಲುವು ಒಂದೇ. ಬಾದಾಮಿಯ ಶಿಲ್ಪಿ ಇಬ್ಬರು ದೇವರು ಕೂಡಿದುದನ್ನು ತೋರಿಸಿದರೆ, ಖ್ಮೇರ್ ಶಿಲ್ಪಿ ಕೂಡಿದ ಮೇಲೆ ಉಳಿದ ಒಬ್ಬನನ್ನು ತೋರಿಸುತ್ತಾನೆ. ಇದು ಮೇಲುಕೀಳಿನ ಮಾತಲ್ಲ. ಆದರೆ ಎರಡನೆಯದನ್ನು ಪ್ರತಿಯೆಂದು ಕರೆಯುವುದು ಸಲ್ಲದು.

ಇದರಿಂದ ಇನ್ನೊಂದು ವಿಚಾರವೂ ಹೊರಡುತ್ತದೆ. ಖ್ಮೇರ್ ಮೂರ್ತಿಗಳ ಬಿಡಿ ಶಿರಸ್ಸುಗಳು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ. ಹರಿಹರನ ಶಿರಸ್ಸನ್ನು ಮಾತ್ರ ಕಂಡವನಿಗೆ ಭೇದವಷ್ಟೇ ಕಾಣುತ್ತದೆ. ಅಭೇದವನ್ನು ಹೇಳುವ ದೇಹ ಬೇರೊಂದು ಕಡೆ ಉಳಿದಿರುತ್ತದೆ. 19ನೆಯ ಶತಮಾನದಲ್ಲಿ ಫ್ರಾನ್ಸಿಗೆ ಹೋಗಿದ್ದ ಫ್ನಾಮ್ ದಾ ಹರಿಹರನ ಶಿರಸ್ಸನ್ನು ಪ್ಯಾರಿಸ್ಸಿನ ಗೀಮೆ ಸಂಗ್ರಹಾಲಯ ಹಿಂದಿರುಗಿಸಿದುದರಿಂದ, 2016ರಲ್ಲಿ ಅದನ್ನು ಫ್ನಾಮ್ ಪೆನ್ನಿನಲ್ಲಿ ದೇಹಕ್ಕೆ ಜೋಡಿಸಲಾಯಿತು. ಅದನ್ನು ನ್ಯಾಯದ ದೃಷ್ಟಿಯಿಂದ ಮಾತ್ರ ಮೆಚ್ಚಿದರೆ ಸಾಲದು. ಆ ದಿನ ಒಂದು ವಾಕ್ಯ ತನ್ನ ಕ್ರಿಯಾಪದವನ್ನು ಮರಳಿ ಪಡೆಯಿತೆಂದು ವಿಮರ್ಶಕನು ತಿಳಿಯಬೇಕು.