ಕಾದಂಬರಿಯ ಕಣಿವೆ, ಗಣಿಯ ದಿಬ್ಬ

ರಿಚರ್ಡ್ ಲೆವೆಲಿನ್ ಅವರ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ (1939) ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಯೊಂದರ ಕಥೆ. ಮನೆಯನ್ನು ತೊರೆಯಲು ಸಿದ್ಧನಾದ ಹ್ಯೂ ಮಾರ್ಗನ್ ತನ್ನ ಬಾಲ್ಯವನ್ನು ಸ್ಮರಿಸುತ್ತಾನೆ. ಗಣಿತ್ಯಾಜ್ಯದ ದಿಬ್ಬವು ಆ ಮನೆಯನ್ನು ಒತ್ತಿಕೊಂಡು ಬರುತ್ತಿದೆ. ಈ ದಿಬ್ಬವನ್ನು ವಿಧಿಯ ಪ್ರತೀಕವೆಂದು ತರಗತಿಯಲ್ಲಿ ವಿವರಿಸುವುದು ಸುಲಭ. ಆದರೆ ಅದರಿಂದ ಕೃತಿಗೆ ನ್ಯಾಯ ಸಲ್ಲದು.

ಆ ಪ್ರದೇಶದ ಕಣಿವೆಗಳು ಕಡಿದಾದವು, ಇಕ್ಕಟ್ಟಾದವು. ಆಳದ ಕಲ್ಲಿದ್ದಲಿಗಾಗಿ ಗಣಿಬಾವಿಗಳನ್ನು ತೋಡಿದ್ದು ಕಣಿವೆಯ ತಳದಲ್ಲಿ. ನದಿ, ರೈಲುದಾರಿ, ಕಾರ್ಮಿಕರ ಮನೆಗಳ ಸಾಲು ಎಲ್ಲವೂ ಅಲ್ಲಿಯೇ. ಅಗೆದು ತೆಗೆದ ಕಲ್ಲುಮಣ್ಣಿಗೆ ಸಮತಟ್ಟಾದ ನೆಲ ಸಾಲದೆ ಅದನ್ನು ಬೆಟ್ಟದ ಇಳಿಜಾರಿನಲ್ಲಿ ಸುರಿಯಲಾಯಿತು. ಹೀಗೆ ದಿಬ್ಬವು ಮನುಷ್ಯರು ಮಾಡಿದ ನಿರ್ಧಾರದ ಫಲವೇ ಆಗಿದೆ.

ಕೃತಿ ಪ್ರಕಟವಾದ 27 ವರ್ಷಗಳ ತರುವಾಯ, 1966ರ ಅಕ್ಟೋಬರ್ 21ರಂದು, ಅಂತಹುದೇ ಕಣಿವೆಯ ಅಬರ್‌ಫ್ಯಾನ್ ಎಂಬ ಹಳ್ಳಿಯ ಮೇಲೆ 7ನೆಯ ದಿಬ್ಬವು ಕುಸಿಯಿತು. ಅದನ್ನು ನೀರಿನ ಒರತೆಗಳ ಮೇಲೆಯೇ ಪೇರಿಸಲಾಗಿತ್ತು. ಮಡಿದ 144 ಜನರಲ್ಲಿ 116 ಮಂದಿ ಮಕ್ಕಳು. 1967ರ ತನಿಖಾ ವರದಿಯು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನು ಹೊಣೆ ಮಾಡಿತು. ದಿಬ್ಬವನ್ನು ವಿಧಿಯೆಂದು ಓದುವ ವಿಮರ್ಶೆಯು ಇಂತಹ ಹೊಣೆಯನ್ನೇ ಮರೆಸಿಬಿಡುತ್ತದೆ.