ಬಕೆಟ್ಟಿಗೆ ಬೀಳದ ಸಾರಜನಕ

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬ್ರಾಡ್‌ವೇ ಬೀದಿಗೆ ಅಡ್ಡಲಾಗಿ ಒಂದು ಕಮಾನು ಇದೆ. ಸರ್ಕಾರಿ ಪರೀಕ್ಷೆಯ ಪ್ರಕಾರ ಈ ಊರಿನ ಹವೆಯೇ ಅತ್ಯುತ್ತಮ ಎಂದು ಅದರ ಮೇಲೆ ಬರೆದಿದ್ದಾರೆ. ಊರಿನವರಿಗೆ ಆ ಮಾತು ಅಚ್ಚುಮೆಚ್ಚು. ಬಿಸಿಲು, ಚಳಿ, ಮಳೆ ಮೂರೂ ಹಿತಮಿತವಾಗಿರುವುದು ನಿಜವೇ. ಆದರೆ ಆ ಗಾಳಿಯಿಂದ ನೆಲಕ್ಕೆ ಏನೇನು ಇಳಿಯುತ್ತಿದೆ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು. ಆ ಪರೀಕ್ಷೆ ಎಂದರೆ ಮಳೆನೀರಿನ ಸಾರಜನಕವನ್ನು ಅಳೆಯುವುದು ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಈ ಊರಿನ ಮಟ್ಟಿಗೆ ಆ ಅಳತೆ ಸಾಲದು ಎಂದು ಈಗ ನನಗೆ ಮನವರಿಕೆಯಾಗಿದೆ.

ಮೊದಲು ಅಳತೆಯ ಗುಣ ಹೇಳಬೇಕು, ಅದು ಸಣ್ಣದಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1850ರ ದಶಕದಲ್ಲೇ ಮಳೆನೀರು ಹಿಡಿದು ಅದರಲ್ಲಿ ಅಮೋನಿಯಾ ಎಷ್ಟಿದೆ ಎಂದು ನೋಡಿದ್ದರು. ಆಕಾಶದಿಂದ ಪೈರಿಗೆ ಬಿಟ್ಟಿ ಗೊಬ್ಬರ ಎಷ್ಟು ಸಿಗುತ್ತದೆ ಎಂಬುದು ಅವರ ಪ್ರಶ್ನೆ. ಗುಡುಗಿನ ಮಳೆ ಬಿದ್ದರೆ ಪೈರು ಹಸಿರೇರುತ್ತದೆ ಎನ್ನುವ ನಮ್ಮ ರೈತರ ಅನುಭವದಲ್ಲೂ ಇದೇ ರಸಾಯನವಿದೆ. ಇಂದಿನ ಪ್ರಶ್ನೆ ತಿರುವುಮುರುವಾಗಿದೆ. ಕೊಡಬಾರದ ಕಡೆಗೂ ಆಕಾಶ ಗೊಬ್ಬರ ಸುರಿಯುತ್ತಿದೆಯೇ ಎಂದು ಕೇಳುವ ಕಾಲ ಇದು.

ಅಮೆರಿಕದಲ್ಲಿ ಇದನ್ನು ಕೇಳುವ ಜಾಲದ ಹೆಸರು ನ್ಯಾಷನಲ್ ಅಟ್ಮಾಸ್ಫಿಯರಿಕ್ ಡಿಪೊಸಿಷನ್ ಪ್ರೋಗ್ರಾಂ. 1978ರಿಂದ ನಡೆಯುತ್ತಿದೆ. ಉಪಕರಣ ನೋಡಲು ತೀರ ಸರಳ: ಒಂದು ಬಕೆಟ್ಟು, ಅದರ ಮೇಲೊಂದು ಮುಚ್ಚಳ, ಪಕ್ಕದಲ್ಲಿ ಒಂದು ಸಂವೇದಕ. ಹನಿ ತಾಕಿದ ಕೂಡಲೇ ಮುಚ್ಚಳ ಸರಿಯುತ್ತದೆ, ಮಳೆ ನಿಂತು ಸಂವೇದಕ ಒಣಗಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಧೂಳು, ತರಗೆಲೆ, ಹಕ್ಕಿಯ ಹಿಕ್ಕೆ ಬೀಳದಂತೆ ಈ ಏರ್ಪಾಡು. ವಾರಕ್ಕೊಮ್ಮೆ, ಮಂಗಳವಾರ, ಒಬ್ಬರು ಹೋಗಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಲವತ್ತು ವರ್ಷಕ್ಕೂ ಮೀರಿ, ದೇಶದ ಉದ್ದಗಲಕ್ಕೂ, ಒಂದೇ ಕ್ರಮದಲ್ಲಿ ಈ ಕೆಲಸ ನಡೆದಿದೆ. ಆಮ್ಲಮಳೆಯ ವಾದವಿವಾದದಲ್ಲಿ ಈ ಬಕೆಟ್ಟುಗಳ ಲೆಕ್ಕಕ್ಕೆ ದೊಡ್ಡ ತೂಕವಿತ್ತು. ಇಂಥ ಶಿಸ್ತಿನ ಮುಂದೆ ಯಾರಾದರೂ ತಲೆಬಾಗಬೇಕು.

ತೊಡಕು ಇರುವುದು ಆ ಮುಚ್ಚಳದಲ್ಲೇ. ಮಳೆ ಇಲ್ಲದಾಗ ಬಕೆಟ್ಟು ಮುಚ್ಚಿರುತ್ತದೆ, ಮುಚ್ಚಿದ ಬಕೆಟ್ಟಿಗೆ ಏನೂ ಕಾಣದು. ವರ್ಷವಿಡೀ ಮಳೆ ಹಿಮ ಬೀಳುವ ಪೂರ್ವದ ರಾಜ್ಯಗಳಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ರೆಡ್‌ವುಡ್ ಸಿಟಿಯಲ್ಲಿ ಮೇ ಕಳೆದರೆ ಅಕ್ಟೋಬರಿನವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಇಡೀ ವರ್ಷದ ಮಳೆ ಸುಮಾರು 500 ಮಿಲಿಮೀಟರ್. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಹತ್ತು ಸಾವಿರ ಲೀಟರ್, ಅಲ್ಲಿಗೆ 500 ಮಿಲಿಮೀಟರಿಗೆ ಐವತ್ತು ಲಕ್ಷ ಲೀಟರ್. ಲೀಟರಿಗೆ 0.3 ಮಿಲಿಗ್ರಾಂ ಸಾರಜನಕ ಇದೆ ಎಂದು ಇಟ್ಟುಕೊಂಡರೆ ಹೆಕ್ಟೇರಿಗೆ ವರ್ಷಕ್ಕೆ ಒಂದೂವರೆ ಕಿಲೋ ಬರುತ್ತದೆ. ಅದೇ ನೀರು ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಲ್ಲಿ ಸುರಿದಿದ್ದರೆ ಇಪ್ಪತ್ತೊಂದು ಕಿಲೋ ಆಗುತ್ತಿತ್ತು. ಮಲೆನಾಡಿಗೆ ಮಳೆಯ ಅಳತೆಯೇ ಮುಖ್ಯ ಅಳತೆಯಾಗಬಲ್ಲದು. ಇಲ್ಲಿ ಅದು ಕಥೆಯ ಸಣ್ಣ ಅಧ್ಯಾಯ ಮಾತ್ರ.

ಮಿಕ್ಕ ಕಥೆ ಗೊತ್ತಾಗಬೇಕಾದರೆ ಊರಿನ ಪಶ್ಚಿಮದ ಎಡ್ಜ್‌ವುಡ್ ಗುಡ್ಡ ಹತ್ತಬೇಕು. ಗಾಲ್ಫ್ ಮೈದಾನವಾಗಲಿದ್ದ ಈ 467 ಎಕರೆ ಜಾಗ ಜನರ ಹೋರಾಟದಿಂದ 1993ರಲ್ಲಿ ರಕ್ಷಿತ ಪ್ರದೇಶವಾಯಿತು. ಇಲ್ಲಿನ ನೆಲದಡಿ ಇರುವುದು ಹಸಿರುಛಾಯೆಯ ಸರ್ಪೆಂಟೈನ್ ಕಲ್ಲು. ಆ ಮಣ್ಣಿನಲ್ಲಿ ಮೆಗ್ನೀಸಿಯಂ, ನಿಕ್ಕಲ್ ಹೆಚ್ಚು, ಸುಣ್ಣದಂಶವೂ ಸಾರಜನಕವೂ ಕಡಿಮೆ. ಹೊರಗಿನಿಂದ ಬಂದ ಹುಲ್ಲುಗಳಿಗೆ ಅಲ್ಲಿ ಹೊಟ್ಟೆಗೆ ಸಾಲದು. ಬಡತನಕ್ಕೆ ಒಗ್ಗಿಕೊಂಡ ನಾಡಗಿಡಗಳು ಆ ಬಡತನದ ಆಸರೆಯಲ್ಲೇ ಉಳಿದಿವೆ. ಮಾರ್ಚ್ ಕೊನೆಗೆ ಹೋದರೆ ಗೇಣುದ್ದವೂ ಬೆಳೆಯದ ಹಳದಿ ಹೂಗಳು ಇಳಿಜಾರಿನ ತುಂಬ ಹಾಸಿಕೊಂಡಿರುತ್ತವೆ. ಅವುಗಳ ನಡುವೆ ಬಗ್ಗಿ ನೋಡಿದರೆ ಬೆರಳುದ್ದದ, ಕಿರಿದಾದ ಎಲೆಯ ಒಂದು ಸಸ್ಯ ಸಿಗುತ್ತದೆ. ಅದು ನಮ್ಮ ಇಸಬ್‌ಗೋಲಿನ ಕುಲದ್ದೇ, ಪ್ಲಾಂಟಾಗೋ. ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆಯ ಮರಿಹುಳುಗಳು ಮುಖ್ಯವಾಗಿ ಇದನ್ನೇ ತಿಂದು ಬೆಳೆಯುತ್ತವೆ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಆ ಚಿಟ್ಟೆ 1987ರಲ್ಲೇ ಸೇರಿತ್ತು.

ಅದೇ ಗುಡ್ಡದ ಪಶ್ಚಿಮದಂಚನ್ನು ಸೀಳಿಕೊಂಡು 280 ಹೆದ್ದಾರಿ ಹೋಗುತ್ತದೆ. ನಡೆಯುವಾಗ ಅದರ ಮೊರೆತ ಕಿವಿಯಿಂದ ದೂರವಾಗುವುದೇ ಇಲ್ಲ. ಕಡಲ ಕಡೆಯ ಗಾಳಿ ಹೆದ್ದಾರಿಯನ್ನು ದಾಟಿ ಹುಲ್ಲುಗಾವಲಿನ ಮೇಲೆ ಹಾಯುತ್ತದೆ. ರಸ್ತೆಯ ಹತ್ತಿರ ಹೋದಷ್ಟೂ ಇಟಾಲಿಯನ್ ರೈ ಹುಲ್ಲು ಎತ್ತರವಾಗಿ, ಒತ್ತೊತ್ತಾಗಿ ಬೆಳೆದು, ಹೂವನ್ನೂ ಪ್ಲಾಂಟಾಗೋವನ್ನೂ ಮುಚ್ಚಿಹಾಕುತ್ತದೆ.

ಈ ಹುಲ್ಲಿಗೂ ಹೆದ್ದಾರಿಗೂ ಇರುವ ನಂಟನ್ನು ಬಿಡಿಸಿ ಹೇಳಿದವರು ಜೀವವಿಜ್ಞಾನಿ ಸ್ಟುವರ್ಟ್ ವೈಸ್. ಕಾರು, ದನ, ಚಿಟ್ಟೆ ಮೂರನ್ನೂ ಶೀರ್ಷಿಕೆಯಲ್ಲೇ ಸೇರಿಸಿದ ಅವರ ಪ್ರಬಂಧ 1999ರಲ್ಲಿ ಪ್ರಕಟವಾಯಿತು. ದನ ಮೇಯುವುದರಿಂದ ಹುಲ್ಲುಗಾವಲು ಹಾಳಾಗುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಸ್ಯಾನ್ ಹೋಸೆಯ ಸುತ್ತಲಿನ ಸರ್ಪೆಂಟೈನ್ ಗುಡ್ಡಗಳಲ್ಲಿ ದನ ಮೇಯಿಸುವುದನ್ನು ನಿಲ್ಲಿಸಿದ ಕಡೆ ಹುಲ್ಲು ಮುಗಿಬಿದ್ದು ಚಿಟ್ಟೆ ಕಾಣೆಯಾದದ್ದನ್ನು ಅವರು ತೋರಿಸಿದರು. ಮಣ್ಣಿನ ಬಡತನವನ್ನು ಕಿತ್ತುಕೊಂಡದ್ದು ವಾಹನಗಳ ಹೊಗೆಯಿಂದ ಇಳಿದ ಸಾರಜನಕ, ದನಗಳು ಆ ಹುಲ್ಲನ್ನು ಮೇಯ್ದು ಹೂವನ್ನು ಉಳಿಸುತ್ತಿದ್ದವು ಎಂಬುದು ಅವರ ವಾದ. ಚಿಟ್ಟೆ ಎಣಿಸುವವರು ಗಾಳಿಯ ಲೆಕ್ಕ ಕೇಳುವುದು ಅಪರೂಪ. ಆ ಪ್ರಬಂಧದ ಹಿರಿಮೆ ಅಲ್ಲಿದೆ. ಕೊರತೆಯೂ ಇದೆ. ಮಳೆಯಿಲ್ಲದೆ ಗಾಳಿಯಿಂದ ನೇರವಾಗಿ ಇಳಿಯುವ ಸಾರಜನಕವನ್ನು ಗಾಳಿಯ ಸಾಂದ್ರತೆಯಿಂದ ಲೆಕ್ಕ ಕಟ್ಟಿ ಪಡೆಯಬೇಕು. ಯಾವ ಎಲೆಯ ಮೇಲೆ, ಯಾವ ವೇಗದಲ್ಲಿ ಇಳಿಯುತ್ತದೆ ಎಂಬ ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಹಾಗಾಗಿ ಇಂಥ ಅಂಕಿಗಳನ್ನು ಬಕೆಟ್ಟಿನ ಅಂಕಿಯಷ್ಟು ಗಟ್ಟಿಯೆಂದು ಹಿಡಿಯಬಾರದು. ಆದರೂ ಇಂಥ ಹುಲ್ಲುಗಾವಲು ಹೆಕ್ಟೇರಿಗೆ ವರ್ಷಕ್ಕೆ ಸುಮಾರು ಆರು ಕಿಲೋ ಸಾರಜನಕ ದಾಟಿದರೆ ಕೆಡುತ್ತದೆ ಎಂಬ ಮಿತಿ ಈಗ ವಿಜ್ಞಾನಿಗಳಲ್ಲಿ ಚಾಲ್ತಿಯಲ್ಲಿದೆ. ನಾನು ಕಟ್ಟಿದ ಒಂದೂವರೆ ಕಿಲೋವನ್ನು ಅದರ ಪಕ್ಕ ಇಟ್ಟರೆ ಮಳೆಯೊಂದನ್ನೇ ಅಳೆದವರು ಎಡ್ಜ್‌ವುಡ್ ಸುರಕ್ಷಿತ ಎಂದು ಬರೆದು ಮನೆಗೆ ಹೋಗಬಹುದಿತ್ತು. ಚಿಟ್ಟೆಯಾದರೋ 2002ರ ಹೊತ್ತಿಗೆ ಅಲ್ಲಿಂದ ಮರೆಯಾಗಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ನೈಟ್ರೋಜನ್ ಆಕ್ಸೈಡ್ ತಗ್ಗಿಸಲೆಂದು ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕೂರಿಸಿದರು. ಊರಿನ ಗಾಳಿ ತಿಳಿಯಾಯಿತು, ಮಕ್ಕಳ ಶ್ವಾಸಕ್ಕೆ ಒಳ್ಳೆಯದಾಯಿತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಕನ್ವರ್ಟರ್ ಒಂದಷ್ಟು ಸಾರಜನಕವನ್ನು ಅಮೋನಿಯಾ ಮಾಡಿ ಹೊರಬಿಡುತ್ತದೆ. ಆ ಅಮೋನಿಯಾದಲ್ಲಿ ಬಹಳಷ್ಟು ದೂರ ಹೋಗುವುದಿಲ್ಲ, ರಸ್ತೆಯ ಪಕ್ಕದಲ್ಲೇ ಎಲೆ, ಮಣ್ಣಿಗೆ ಅಂಟಿಕೊಳ್ಳುತ್ತದೆ. ಅಮೆರಿಕದ ವಾಯುಶುದ್ಧಿ ಕಾನೂನಿನಡಿ ಮಾನದಂಡ ನಿಗದಿಯಾಗಿರುವ ಆರು ಮುಖ್ಯ ಮಾಲಿನ್ಯಕಾರಕಗಳಲ್ಲಿ ಅದರ ಹೆಸರಿಲ್ಲ. ಅದನ್ನು ಗಾಳಿಯಲ್ಲೇ ಅಳೆಯುವ ರಾಷ್ಟ್ರೀಯ ಜಾಲ ಕಣ್ಣುಬಿಟ್ಟದ್ದು 2007ರ ನಂತರ. ಮಳೆ ಅಳೆಯಲು ಶುರುಮಾಡಿ ಅಷ್ಟರಲ್ಲಿ ಮೂರು ದಶಕವೇ ಆಗಿತ್ತು.

ಹಾಗಾದರೆ ಮಳೆನೀರು ಹಿಡಿಯುವುದನ್ನು ಬಿಡಬೇಕೇ? ಖಂಡಿತ ಬೇಡ. ನಮ್ಮಲ್ಲಿ ಸೂರಿನ ನೀರು ಹಿಡಿಯುವವರು ಮೊದಲ ಮಳೆಯನ್ನು ಹರಿಯಬಿಟ್ಟು ಆಮೇಲೆ ತೊಟ್ಟಿಗೆ ತಿರುಗಿಸುತ್ತಾರೆ. ಕುಡಿಯುವವರಿಗೆ ಅದು ಸರಿ. ಅಳೆಯುವವರಿಗೆ ಆ ಮೊದಲ ಮಳೆಯೇ ಚಿನ್ನ, ಏಕೆಂದರೆ ಬೇಸಿಗೆಯುದ್ದಕ್ಕೂ ಎಲೆಯ ಮೇಲೆ ಕೂತದ್ದೆಲ್ಲ ತೊಳೆದು ಬರುವುದು ಆಗ. ಮುಚ್ಚಳದ ಬಕೆಟ್ಟು ಎಲೆಯಡಿಯಲ್ಲಿ ಇರುವುದಿಲ್ಲ, ಬಯಲಿನಲ್ಲಿರುತ್ತದೆ, ಹಾಗಾಗಿ ಈ ತೊಳೆದ ನೀರು ಅದಕ್ಕೆ ಸಿಗದು. ಮರಗಿಡದಡಿಯಲ್ಲಿ ಇಡುವ ರಾಳದ ಕೊಳವೆಗಳಿಗೆ ಸಿಗುತ್ತದೆ. ತೊಟ್ಟಿಕ್ಕಿದ ನೀರಿನ ನೈಟ್ರೇಟನ್ನೂ ಅಮೋನಿಯಂ ಅನ್ನೂ ಆ ರಾಳ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಬೇಡ, ವಾರವಾರವೂ ಹೋಗುವುದು ಬೇಡ. ಗಾಳಿಗೆ ತೂಗುಹಾಕುವ ಸಣ್ಣ ಫಿಲ್ಟರ್ ಬಿಲ್ಲೆಗಳೂ ಹಾಗೆಯೇ. ಬಯಲಿನ ಹುಲ್ಲಿಗೆ ಈ ಬಿಲ್ಲೆಗಳೇ ಹೆಚ್ಚು ಹೊಂದುತ್ತವೆ. ನನ್ನ ತೀರ್ಮಾನ ಇಷ್ಟೇ: ಬೇಸಿಗೆ ಒಣಗಿರುವ ಊರಿನಲ್ಲಿ ಇವು ಬಕೆಟ್ಟಿಗೆ ಬದಲಿಯಲ್ಲ, ಅದರ ಜೋಡಿ. ಜೋಡಿಯಿಲ್ಲದ ಅಂಕಿಯನ್ನು ಸಾರಜನಕದ ಒಟ್ಟು ಲೆಕ್ಕವೆಂದು ಯಾವ ಇಲಾಖೆಯೂ ಮುಂದಿಡಬಾರದು.

ಎಡ್ಜ್‌ವುಡ್‌ನಲ್ಲಿ ಹುಲ್ಲು ಕೊಯ್ದು, ಚಿಟ್ಟೆ ಇನ್ನೂ ಉಳಿದಿದ್ದ ಕಯೋಟೀ ಗುಡ್ಡದಿಂದ ಚಿಟ್ಟೆಯ ಮರಿಹುಳುಗಳನ್ನು ತಂದು 2007ರಲ್ಲಿ ಬಿಟ್ಟರು, 2011ರಲ್ಲಿ ಮತ್ತೆ ಬಿಟ್ಟರು. ಕೊಯ್ಯುವುದು ಪ್ರತಿ ವರ್ಷದ ಕೆಲಸ, ಏಕೆಂದರೆ ಮೇಲಿನಿಂದ ಇಳಿಯುವುದು ನಿಂತಿಲ್ಲ. ಬೇ ಏರಿಯಾದಲ್ಲಿರುವ ಕನ್ನಡಿಗರು ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಿರಿ. ಕಾಲುದಾರಿ ಬಿಟ್ಟು ಇಳಿಯಬೇಡಿ. ಹೂವಿನ ಫೋಟೋ ತೆಗೆದಾದ ಮೇಲೆ ಹೆದ್ದಾರಿಯ ಕಡೆಗೆ ತಿರುಗಿ, ಹುಲ್ಲಿನ ಎತ್ತರ ಎಲ್ಲಿಂದ ಏರುತ್ತದೆ ಎಂದು ಅವರಿಗೆ ತೋರಿಸಿ.